ಬವೇರಿಯಾದ ಉದ್ದ ತಾಟು

ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದರೆ ಪರಪ್ಪನಿಗೆ ಮೀನು ಕಾಣುತ್ತಿತ್ತು. ಸಣ್ಣದೇನಲ್ಲ, ಮೊಳದುದ್ದದ ಮೀನು. ಮೈಮೇಲೆ ಲಿಂಬೆಹಣ್ಣಿನ ಬಿಲ್ಲೆಗಳು, ಸುತ್ತ ಕೊತ್ತಂಬರಿಯಂಥ ಎಂಥದೋ ಸೊಪ್ಪು, ಮುಚ್ಚಲು ಮರೆತಂತೆ ತೆರೆದೇ ಇದ್ದ ಒಂದು ಕಣ್ಣು. ಅವನು ಕಣ್ಣು ತೆರೆದು ಇನ್ನೊಮ್ಮೆ ವಿಭೂತಿ ಹಚ್ಚಿಕೊಂಡ, ಮತ್ತೆ ಮುಚ್ಚಿದ, ಮತ್ತೆ ಅದೇ ಮೀನು ಅದೇ ಕಣ್ಣಿನಿಂದ ಅವನನ್ನೇ ನೋಡಿತು. ಮೀನು ಬೇಯಿಸುವ ವಾಸನೆ ಬಂದರೆ ಮೂಗಿಗೆ ಧೋತರದ ಚುಂಗು ಹಿಡಿದು ಓಣಿ ಬದಲಿಸುವ ಮನುಷ್ಯ ಅವನು. ಮೀನಿನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಮೊನ್ನೆ ಶನಿವಾರವೇ ಮೊದಲು, ಅದೂ ಗೋಕಾಕ ಪೇಟೆಯಲ್ಲಿ ತನ್ನದೇ ಭಾಂಡಿ ಅಂಗಡಿಯ ಗಾದಿಯ ಮೇಲೆ ಕೂತು. ಪುಣೆಯಿಂದ ಹೊಸ ಹಿತ್ತಾಳೆಯ ತಂಬಿಗೆಗಳು ಬಂದಿದ್ದವು. ಅವಕ್ಕೆ ಸುತ್ತಿದ್ದ ರದ್ದಿ ಕಾಗದ ಬಿಚ್ಚುವಾಗ ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಬಣ್ಣದ ಹಾಳೆಯಲ್ಲಿ ಅವನ ತಾಟು ಕಂಡಿತು. ಅವನದೇ ತಾಟು, ಸಂಶಯವೇ ಇಲ್ಲ: ಅದೇ ಬಂಗಾರದ ಅಂಚು, ಅಂಚಿನ ಕೆಳಗೆ ನೀಲಿ ಸಣ್ಣ ಹೂವಿನ ಅದೇ ಬಳ್ಳಿ. ಪೇಪರಿನಲ್ಲಿ ಮಗನ ಫೋಟೋ ಬಂದವರ ಹಾಗೆ ಹಿಗ್ಗಿ ಹೀರೇಕಾಯಿಯಾಗಿ, ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ಸರಿಮಾಡಿದ. ಮಡಿಕೆಯೊಳಗಿಂದ ಮೀನು ಹೊರಗೆ ಬಂತು. ಆವತ್ತು ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ.

ಹನ್ನೊಂದು ವರ್ಷದಿಂದ ಆ ತಾಟು ಯಾಕೆ ಅಷ್ಟು ಉದ್ದ ಎಂದು ಅವನು ಯೋಚಿಸಿರಲಿಲ್ಲ ಎಂದಲ್ಲ. ಯೋಚಿಸಿ, ಹೋಳಿಗೆಗೇ ಇರಬೇಕು ಎಂದು ತೀರ್ಮಾನ ಮಾಡಿಬಿಟ್ಟಿದ್ದ. ಒಂದರ ಮೇಲೊಂದು ಅರ್ಧರ್ಧ ಏರಿಸಿ ಸಾಲಾಗಿ ಜೋಡಿಸಿದರೆ ಸರಿಯಾಗಿ ಎಂಟು ಹೋಳಿಗೆ ಹಿಡಿಯುವ ಉದ್ದ. ಜರ್ಮನಿಯಲ್ಲೂ ಹೋಳಿಗೆಯಂಥದೇನೋ ಇದ್ದೀತು, ಅವರೂ ಮನುಷ್ಯರೇ, ಅವರಿಗೂ ಹಬ್ಬ ಬರುತ್ತದೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಬಿಳಿ ಸಾಯೇಬನೊಬ್ಬ ದೇಶ ಬಿಟ್ಟು ಹೋದ ವರ್ಷ ಬಂಗಲೆಯ ಸಾಮಾನು ಲಿಲಾವಿಗೆ ಬಂದಿತ್ತು. ತಾಮ್ರದ ಹಂಡೆಗಳಿವೆ ಎಂದು ಕೇಳಿ ಹೋದವನು ಪರಪ್ಪ. ಹಂಡೆಗಳ ಆಚೆ ವರಾಂಡದಲ್ಲಿ ಬಂಗಲೆಯ ಬಟ್ಲರ್ ದುರ್ಗಪ್ಪ, ಕೊಣ್ಣೂರಿನವನು, ಬಿಳಿ ಕೋಟು ತೊಟ್ಟು ಈ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಒರೆಸುತ್ತ ನಿಂತಿದ್ದ. ಒರೆಸಿ ಬಿಸಿಲಿಗೆ ಎತ್ತಿ ನೋಡಿದ. ಆ ಕಡೆಯಿಂದ ಬಂದ ಬಿಸಿಲು ತಾಟಿನೊಳಗೆ ಹಾದು, ದುರ್ಗಪ್ಪನ ಬೆರಳುಗಳ ನೆರಳು ಈ ಕಡೆ ಕಂಡಿತು. ಹಾಲಿನ ಕೆನೆಯೊಳಗೆ ಯಾರೋ ಕೈ ಇಟ್ಟಂತೆ. ಪರಪ್ಪನಿಗೆ ಏನಾಯಿತೋ ಏನೋ. ಬದುಕಿಡೀ ಬಡಿದರೆ ಠಣ್ ಎನ್ನುವ, ಬಿದ್ದರೆ ಚಪ್ಪಟೆಯಾಗುವ, ಹುಣಸೆಹಣ್ಣು ಹಚ್ಚಿ ತಿಕ್ಕಿದರಷ್ಟೆ ಹೊಳೆಯುವ ಸಾಮಾನು ಮಾರಿದವನು, ಬಿದ್ದರೆ ಮತ್ತೆ ಇಲ್ಲ ಎನ್ನುವ ಈ ವಸ್ತುವಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತ. ಹಂಡೆ ಬಿಟ್ಟು ತಾಟು ತಂದ. ಇದರಲ್ಲಿ ಏನು ಬಡಿಸುತ್ತಾರೆ ಎಂದು ಆವತ್ತೇ ದುರ್ಗಪ್ಪನನ್ನು ಕೇಳಿದ್ದ. ದುರ್ಗಪ್ಪ ಅವನ ಹಣೆಯ ವಿಭೂತಿಯನ್ನೂ ಮುಖದ ಸಂತೋಷವನ್ನೂ ನೋಡಿ, "ಬಡಿಸೋ ತಾಟ್ರಿ ಸಾವಕಾರ್ರ, ಏನ ಬೇಕಾದ್ರೂ ಬಡಿಸಬಹುದ್ರಿ" ಎಂದಿದ್ದ. ಈಗ ಆ ಮಾತು ನೆನೆದರೆ ಪರಪ್ಪನಿಗೆ ಕಿವಿ ಬಿಸಿಯಾಗುತ್ತದೆ.

ಅಲ್ಲಿಂದ ಅದು ಚಟವಾಯಿತು. ಹುಕ್ಕೇರಿಯ ದೇಸಾಯರ ವಾಡೆಯಿಂದ ಮುಚ್ಚಳವಿದ್ದ ದೊಡ್ಡ ಬೋಗುಣಿ ಬಂತು, ಮೀರಜದ ಹಳೆಬಜಾರದಿಂದ ದುಂಡು ತಾಟುಗಳು ಬಂದವು, ಒಂದು ಕಡೆ ಹಿಡಿಕೆ ಇನ್ನೊಂದು ಕಡೆ ಹಕ್ಕಿಯ ಕೊಕ್ಕಿನಂಥ ಮೂತಿ ಇದ್ದ ಬಟ್ಟಲು ಬಂತು. ಎಲ್ಲದರ ಬೆನ್ನ ಮೇಲೂ ನೀಲಿ ಕಿರೀಟದ ಗುರುತು, ಅದರ ಕೆಳಗೆ ಬವೇರಿಯಾ ಎಂಬ ಅಕ್ಷರ. ಓದಿ ಹೇಳಿದವರು ಪೋಸ್ಟ್‌ಮಾಸ್ತರರು. ಬೇರೆ ಗುರುತಿನದನ್ನು ಪುಕ್ಕಟೆ ಕೊಟ್ಟರೂ ಅವನು ಮುಟ್ಟಲಾರ. ಬಸ್ಸಿನಲ್ಲಿ ಮುದ್ದೇಬಿಹಾಳ, ಮುಧೋಳ ಎಂದು ಕಂಡಕ್ಟರ್ ಕೂಗುವಾಗ ಇವನು ಬಾಯೊಳಗೆ ಬವೇರಿಯಾ ಎಂದುಕೊಳ್ಳುತ್ತಿದ್ದ, ಅಲ್ಲಿ ಬೀಗರಿದ್ದಾರೆ ಎನ್ನುವ ಹಾಗೆ. ಊರಿನವರು ಸುಮ್ಮನಿದ್ದಾರೆಯೆ? ಪಿಂಗಾಣಿ ಪರಪ್ಪ ಎಂದು ಹೆಸರಿಟ್ಟರು. ಹಿತ್ತಾಳಿ ಮಾರಿ ಮಣ್ಣು ಕೊಳ್ಳುವ ಶಾಣ್ಯಾ ಎಂದು ಮದುವೆಯ ಚಪ್ಪರದಲ್ಲಿ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ನಕ್ಕರು. ಅವನೂ ನಕ್ಕ. ನಕ್ಕು ಮನೆಗೆ ಬಂದು, ಪಡಸಾಲೆಯ ಗಾಜಿನ ಕಪಾಟಿನ ಮುಂದೆ ಕೂತು, ಯಾರ ಮೇಲೋ ಸೇಡು ತೀರಿಸಿಕೊಳ್ಳುವವನಂತೆ ಉದ್ದ ತಾಟನ್ನು ನಿಧಾನವಾಗಿ ಒರೆಸಿದ. ಆದರೆ ಖರೆ ದುಃಖ ಊರಿನವರದಲ್ಲ. ಅಷ್ಟೂ ತಾಟುಗಳಲ್ಲಿ ಒಂದರಲ್ಲೂ ಅವನು ಒಂದು ತುತ್ತು ಉಂಡಿರಲಿಲ್ಲ. ಹೆಂಡತಿ ಬಾಳವ್ವ ಅವುಗಳನ್ನು ಅಡುಗೆಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಪಿಂಗಾಣಿಗೆ ಎಲುಬಿನ ಪುಡಿ ಕಲೆಸುತ್ತಾರೆ ಎಂದು ಅವಳ ತವರಿನಲ್ಲಿ ಹೇಳುತ್ತಿದ್ದರು. ಅದು ಇಂಗ್ಲಂಡಿನವರ ಪದ್ಧತಿ, ಜರ್ಮನಿಯವರದು ಬರೀ ಮಣ್ಣು ಎಂದು ಅವನು ಮೀರಜದ ವ್ಯಾಪಾರಿಯ ಮಾತನ್ನು ಹೇಳಿ ಹೇಳಿ ದಣಿದಿದ್ದ. "ಹಂಗಂತ ಎಲುಬ ಬಂದು ನಿಮಗ ಹೇಳೈತೇನ್ರಿ?" ಎಂದು ಅವಳು ಕಂಚಿನ ತಾಟಿನಲ್ಲೇ ಅನ್ನ ಬಡಿಸುತ್ತಿದ್ದಳು.

ಈ ಶ್ರಾವಣದಲ್ಲಿ ಅವಳೇ ಸೋತಳು. ಧೂಳು ಹೊಡೆಯುವಾಗ ಒಂದು ದುಂಡು ತಾಟನ್ನು ಕಿಟಕಿಯ ಬಿಸಿಲಿಗೆ ಹಿಡಿದವಳು ತನ್ನ ಬೆರಳಿನ ನೆರಳನ್ನು ತಾನೇ ನೋಡಿದಳು. ಅವನನ್ನು ಕರೆದಳು. "ಇಲ್ಲಿ ನೋಡ್ರಿ. ಕೈಯಾಗಿನ ಬಳಿ ಸುದ್ದಾ ಕಾಣಾಕತ್ತೈತಿ. ಇದರಾಗ ಎಲುಬ ಇದ್ದಿದ್ರ ಅದೂ ಕಾಣತಿತ್ತಲ್ರಿ?" ಹನ್ನೊಂದು ವರ್ಷ ಅವನಿಗೆ ಹೊಳೆಯದಿದ್ದ ವಾದ ಅದು. ಆದರೂ ಬಾಳವ್ವ ಪಕ್ಕಾ ಹೆಂಗಸು, ಲಿಂಗ ಮುಟ್ಟಿ ಆಣೆ ಮಾಡಿಸಿಕೊಂಡಳು. ಅವನು ಎದೆಯ ಮೇಲಿನ ಲಿಂಗ ಮುಟ್ಟಿ, ಈ ತಾಟಿನೊಳಗೆ ಎಲುಬಿಲ್ಲ ಎಂದ. ಅಂದಮೇಲೆ ಶ್ರಾವಣ ಸೋಮವಾರ ಹುಕ್ಕೇರಿಯಿಂದ ಶಿದ್ರಾಮಯ್ಯನವರು ಪ್ರಸಾದಕ್ಕೆ ಬಂದಾಗ ಉದ್ದ ತಾಟಿನಲ್ಲೇ ಹೋಳಿಗೆ ಬಡಿಸೋಣ ಎಂದು ಅವಳೇ ಹೇಳಿದಳು. ವರ್ಷಕ್ಕೊಮ್ಮೆ ಆ ಮುದಿ ಜಂಗಮರನ್ನು ಕರೆಸಿ ಪಾದಪೂಜೆ ಮಾಡಿ ಉಣಿಸುವುದು ಪರಪ್ಪನ ಅಪ್ಪನ ಕಾಲದಿಂದ ಬಂದದ್ದು. ಆ ರಾತ್ರಿ ಅವನಿಗೆ ಸಂತೋಷದಿಂದ ನಿದ್ದೆ ಬರಲಿಲ್ಲ. ಎರಡು ದಿನ ಬಿಟ್ಟು ತಂಬಿಗೆಗಳು ಬಂದವು, ಮೀನು ಬಂತು, ಆಮೇಲೆ ಬೇರೆ ಕಾರಣಕ್ಕೆ ನಿದ್ದೆ ಬರಲಿಲ್ಲ. ಹೇಳಿದರೆ ಕಪಾಟಿಗೆ ಬೀಗ, ಮತ್ತೆ ಎಂದೂ ತೆರೆಯುವುದಿಲ್ಲ. ಹೇಳದಿದ್ದರೆ ಲಿಂಗ ಮುಟ್ಟಿದ ಕೈ. ಆಣೆ ಸುಳ್ಳಲ್ಲ, ಮಣ್ಣಿನಲ್ಲಿ ಎಲುಬಿಲ್ಲ, ಆದರೆ ಮೀನಿಗೆ ಮೈತುಂಬ ಎಲುಬು.

"ಪೂಜಿ ಮುಗೀತಿಲ್ರಿ?" ಎಂದು ಒಳಗಿನಿಂದ ಬಾಳವ್ವ ಕೂಗಿದಾಗ ಅವನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದ್ದ. ಸೋಮವಾರ ಬಂದೇಬಿಟ್ಟಿತ್ತು. ಬೆಲ್ಲ, ಕಡಲೆಬೇಳೆ, ಯಾಲಕ್ಕಿಯ ವಾಸನೆ ಮನೆತುಂಬ. ಹೊರಗೆ ಸೋನೆಮಳೆ ನಿಂತು ಬಿಸಿಲು ಬಿದ್ದಿತ್ತು. ತಾಟು ಕೊಟ್ಟರೆ ಇನ್ನೊಮ್ಮೆ ತೊಳೆಯುತ್ತೇನೆ ಎಂದಳು ಬಾಳವ್ವ. ಅವನು ಕಪಾಟು ತೆರೆದು ಉದ್ದ ತಾಟನ್ನು ಎತ್ತಿಕೊಂಡ. ಅಡುಗೆಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಒಂದು ಯುಕ್ತಿ ಹೊಳೆಯಿತು. ಕಾಲು ಜಾರಿದರೆ? ನೆಲ ಒದ್ದೆಯಿದೆ. ಯಾರೂ ಏನೂ ಅನ್ನುವುದಿಲ್ಲ, ಬಾಳವ್ವ ಪಾಪ ಸಮಾಧಾನ ಹೇಳುತ್ತಾಳೆ, ಆಣೆಯೂ ಉಳಿಯುತ್ತದೆ, ಉಳಿದ ತಾಟುಗಳೂ ಉಳಿಯುತ್ತವೆ. ಅವನು ಉಸಿರು ಬಿಗಿಹಿಡಿದು ಬೆರಳು ಸಡಿಲ ಬಿಡಲು ನೋಡಿದ. ಬೆರಳು ಕೇಳಲಿಲ್ಲ. ಬಿಡು ಎಂದಷ್ಟೂ ಬಿಗಿಯಾದವು, ಮೊಣಕೈಯೂ ಬಂದು ಸೇರಿಕೊಂಡಿತು, ಕೊನೆಗೆ ನೋಡಿದರೆ ಅವನು ತಾಟನ್ನು ಎದೆಗೆ ಅವಚಿಕೊಂಡು ಹೊಸ್ತಿಲ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ.

"ಕೂಸಿನ್ನ ಎತ್ಕೊಂಡಂಗ ನಿಂತಾರ ನೋಡವಾ ನಿನ್ನ ಗಂಡ!" ಎಂದಿತು ಹಿಂದಿನಿಂದ ಒಂದು ದನಿ. ಬಾಳವ್ವನ ಅಕ್ಕ ಕಾಶೆವ್ವ ಮೂಡಲಗಿಯಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದಳು. "ಏನ್ರಿ ಪರಪ್ಪನಾರ, ಇವತ್ತ ನಿಮ್ಮ ದೇವರಿಗೆ ಗುಡಿ ಬಿಟ್ಟು ಹೊರಗ ಬರಾಕ ಅಪ್ಪಣಿ ಸಿಕ್ಕೈತಂತ?"

"ಹೂನ್ರಿ ಅಕ್ಕಾರ, ಬರ್ರಿ," ಎಂದ ಪರಪ್ಪ, ಕಾಲು ಕೆಳಗಿಟ್ಟು. ಕಾಶೆವ್ವನಿಗೆ ಅವನ ಮೇಲೆ ಹಳೆಯ ಸಿಟ್ಟೊಂದಿತ್ತು. ಮೂತಿ ಇದ್ದ ಬಟ್ಟಲನ್ನು ಕಂಡು, ಮೊಮ್ಮಗಳಿಗೆ ಹಾಲು ಕುಡಿಸಲು ಹೇಳಿ ಮಾಡಿಸಿದ ಒಳಲೆ ಇದು, ಕೊಡಿ ಎಂದು ಕೇಳಿದ್ದಳು. ಅವನು ಕೊಟ್ಟಿರಲಿಲ್ಲ. ಕೂಸಿಗಿಂತ ಮಣ್ಣು ಹೆಚ್ಚಾಯಿತು ಎಂದು ಮೂಡಲಗಿಯ ಅಷ್ಟೂ ನೆಂಟರಿಗೆ ಅವಳು ಸುದ್ದಿ ಮುಟ್ಟಿಸಿದ್ದಳು. ಕೊಡಬೇಕಾಗಿತ್ತು ಎಂದು ಪರಪ್ಪನಿಗೂ ಎಷ್ಟೋ ಸಲ ಅನ್ನಿಸಿದ್ದುಂಟು. ಮೀನಿನ ಸುದ್ದಿ ಇವಳ ಕಿವಿಗೆ ಬಿದ್ದರೆ ಸಂಜೆಯ ಬಸ್ಸಿಗೆ ಮೂಡಲಗಿ ತಲುಪುತ್ತದೆ, ಪಿಂಗಾಣಿ ಪರಪ್ಪ ಹೋಗಿ ಮೀನ ಪರಪ್ಪ ಬರುತ್ತಾನೆ.

ಹುಕ್ಕೇರಿಯ ಅಯ್ಯನವರ ಎತ್ತಿನ ಗಾಡಿ ಓಣಿಯ ತಿರುವಿನಲ್ಲಿ ಬಂತು ಎಂದು ಕಾಶೆವ್ವ ಕಾಲಿಗೆ ನೀರು ಹಿಡಿದು ಹೊರಗೆ ಓಡಿದಳು. ಪರಪ್ಪ ತಾಟು ಕೊಟ್ಟು ಆಗಲೇ ಬಹಳ ಹೊತ್ತಾಗಿತ್ತು, ಅವನು ಒಳಗೆ ಹೋದಾಗ ಅಡುಗೆಮನೆಯಲ್ಲಿ ಬಾಳವ್ವ ಒಬ್ಬಳೇ. ಉದ್ದ ತಾಟಿನ ತುಂಬ ಹೋಳಿಗೆ ಸಾಲಾಗಿ ಕೂತಿದ್ದವು, ಅರ್ಧರ್ಧ ಏರಿ, ಅವನು ಎಣಿಸಿಕೊಂಡಂತೆಯೇ. ಏಳು ಆಗಿದ್ದವು. ಎಂಟನೆಯದು ಹಂಚಿನ ಮೇಲಿತ್ತು. ಇಷ್ಟು ಚಂದ ಕಾಣುತ್ತದೆ ಎಂದು ಅವನೂ ಎಣಿಸಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಏ, ಒಂದ ಮಾತ ಹೇಳೂದೈತಿ."

"ಹೋಳಿಗಿ ಸೀಯತೈತಿ, ಲಗೂ ಹೇಳ್ರಿ."

"ಅದು ಮೀನಿನ ತಾಟು."

ಬಾಳವ್ವನ ಕೈ ನಿಂತಿತು. ಅವನು ತೊಟ್ಟಿದ್ದ ಬಂಡಿಯ ಕಿಸೆಯಿಂದ ಹಾಳೆ ತೆಗೆದು ಬಿಚ್ಚಿದ. ಅವಳು ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡು, ಬೆಳಕಿಂಡಿಯ ಕೆಳಗೆ ಹೋಗಿ ಬಹಳ ಹೊತ್ತು ನೋಡಿದಳು. ಹಂಚಿನ ಮೇಲಿನ ಹೋಳಿಗೆ ಉಬ್ಬಿ, ಇಳಿದು, ಕರಕಲಾಗತೊಡಗಿತು.

"ಇದು ಸತ್ತೈತೇನ್ರಿ?"

"ಸತ್ತೈತಿ."

"ಮತ್ತ ಕಣ್ಣ ಬಿಟ್ಟೈತಲ್ಲ?" ಆಮೇಲೆ ತಾಟಿನ ಕಡೆ ತಿರುಗಿ, "ತಲಿ ಯಾವ ಕಡೆ ಇಡತಿದ್ರಂತ?" ಎಂದಳು. ಅವನು ಎಡಗಡೆಯ ತುದಿ ತೋರಿಸಿದ. "ಶನಿವಾರದಿಂದ ನೀವು ಅನ್ನ ಬಿಟ್ಟದ್ದು ಇದಕ್ಕ?" ಅವನು ಗೋಣು ಹಾಕಿದ. ಬಾಳವ್ವನ ಹೊಟ್ಟೆಯಿಂದ ನಗೆ ಎದ್ದಿತು. ಅಕ್ಕನಿಗೆ ಕೇಳಿಸೀತು ಎಂದು ಸೆರಗು ಬಾಯಿಗೆ ತುರುಕಿಕೊಂಡಳು, ನಗೆ ಸೆರಗಿನ ಬದಿಯಿಂದ ಹೊರಬಿತ್ತು, ಕಣ್ಣಲ್ಲಿ ನೀರು ಬಂತು. "ಅಂಗಡಿ ಮುಳುಗೇತಿ ಅಂತ ತಿಳಕೊಂಡಿದ್ನೆಲ್ರಿ ನಾ! ಎರಡ ದಿನದಿಂದ ಬಸವಣ್ಣಪ್ಪಗ ಹರಕಿ ಹೊತಗೊಂಡ ಕುಂತೇನಿ!"

"ನಾ ಲಿಂಗ ಮುಟ್ಟಿ ಆಣಿ ಮಾಡೇನಿ," ಎಂದ ಪರಪ್ಪ.

"ತಾಟಿನೊಳಗ ಎಲುಬಿಲ್ಲಂತ ಮಾಡೀರಿ. ತಾಟಿನ ಮ್ಯಾಲ ಏನ ಇತ್ತಂತ ನಾ ಕೇಳಿಲ್ಲ, ನೀವು ಹೇಳಿಲ್ಲ." ನಗೆ ಒರೆಸಿಕೊಂಡು ಅವಳು ಕರಕಲಾದ ಹೋಳಿಗೆಯನ್ನು ಹಂಚಿನಿಂದ ಕೆರೆದು ತೆಗೆದಳು. ಆ ಹೊತ್ತು ಪರಪ್ಪನಿಗೆ ಹನ್ನೊಂದು ವರ್ಷಕ್ಕಿಂತ ಉದ್ದವಾಯಿತು. ಆಮೇಲೆ ಬಾಳವ್ವ ಹೋಳಿಗೆಗಳನ್ನು ಪರಾತಕ್ಕೆ ಸರಿಸಿ, ತಾಟನ್ನು ಬೋರಲು ಮಾಡಿ, ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತೊಯಿಸಿ, ನೀಲಿ ಕಿರೀಟದ ಮೇಲೆಯೇ ಮೂರು ಬೆರಳು ಎಳೆದಳು. "ದೀಕ್ಷಾ ಆತು ಇದಕ್ಕ. ದೀಕ್ಷಾ ಆದ ಮ್ಯಾಲ ಹಿಂದಿನ ಕುಲ ಕೇಳಂಗಿಲ್ಲಂತ ನಮ್ಮಪ್ಪ ಹೇಳತಿದ್ದ. ಹೌದಿಲ್ರಿ?"

"ಹೌದು."

"ಮತ್ತ ಬಾಯಿ ಮುಚ್ಚಕೊಂಡ ಹೋಗಿ ಅಯ್ಯಾವರ ಪಾದಕ್ಕ ನೀರ ಹಾಕ್ರಿ." ಹಾಳೆಯನ್ನು ಮಡಚಿ ಒಲೆಗೆ ತಳ್ಳಿದಳು. ಪರಪ್ಪ ರೂಢಿಯಿಂದ ಧೋತರದ ಚುಂಗು ಮೂಗಿಗೆ ಹಿಡಿದ. ಬರೀ ಕಾಗದದ ವಾಸನೆ ಬಂತು.

ಅಯ್ಯನವರು ಅಡ್ಡಣಿಗೆಯ ಮೇಲಿನ ತಮ್ಮ ತಾಟಿಗೆ ಉದ್ದ ತಾಟಿನಿಂದ ಹೋಳಿಗೆ ಬೀಳುವುದನ್ನು ಮಂಜುಗಣ್ಣಿನಲ್ಲಿ ನೋಡಿ, "ಏನಪಾ ಇದು, ದೋಣಿ ಇದ್ದಂಗ ಐತಲ್ಲ?" ಎಂದರು. ನೀರಿನ ಮಾತು ಬಂತೆಂದು ಪರಪ್ಪ ಅವಸರದಿಂದ ಇನ್ನಷ್ಟು ತುಪ್ಪ ಸುರಿದ. ಅವರು ಮಾತ್ರ ಹಲ್ಲಿಲ್ಲದ ಬಾಯಲ್ಲಿ ಮೂರನೆಯದನ್ನೂ ಕರಗಿಸಿ, ಪ್ರಸಾದ ಚೆಲ್ಲದಂತೆ ತಾಟು ತೊಳೆದ ನೀರನ್ನೂ ಕುಡಿದು, ಪಡಸಾಲೆಯ ತೂಗುಮಂಚದ ಮೇಲೆ ಒರಗಿ ಗೊರಕೆ ಹೊಡೆದರು. ಬಾಳವ್ವ ಗಂಡನಿಗೆ ನೀಲಿ ಹೂವಿನ ದುಂಡು ತಾಟಿನಲ್ಲಿ ಬಡಿಸಿದಳು. ಅವನಿಗೆ ಹಸಿವು ಎರಡು ದಿನದ್ದು. ತುತ್ತು ಎತ್ತಿದಂತೆ ಕೆಳಗೆ ಒಂದೊಂದೇ ಹೂ ಕಾಣುತ್ತಿತ್ತು, ಅವನು ಹೂ ನೋಡಲೆಂದೇ ಉಣ್ಣುತ್ತಿದ್ದ.

ಆಗಲೇ ಬಾಗಿಲಿಗೆ ದುರ್ಗಪ್ಪ ಬಂದದ್ದು. ಶ್ರಾವಣದ ಹೋಳಿಗೆಗೆ ಪ್ರತಿವರ್ಷ ಬರುವವನೇ. ಈಗ ಮುದುಕನಾಗಿದ್ದ, ಬಿಳಿ ಕೋಟು ಹೋಗಿ ಖಾದಿಯ ಅಂಗಿ ಬಂದಿತ್ತು. ಪೇಟೆಗೆ ಬಂದಾಗಲೆಲ್ಲ ಕಟ್ಟೆಯ ಕೆಳಗೆ ನಿಂತು, ದೂರದಿಂದ ಗಾಜಿನ ಕಪಾಟಿನ ಕಡೆ ಕತ್ತು ಚಾಚಿ, "ಎಲ್ಲಾ ಅರಾಮ ಅದಾವ್ರಿ ಸಾವಕಾರ್ರ?" ಎಂದು ಕೇಳುತ್ತಿದ್ದ. ಅರಾಮ ಅದಾವು ಎಂದು ಪರಪ್ಪ ಹೇಳುತ್ತಿದ್ದ. ಒಳಗೆ ಬಂದು ನೋಡು ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಅನ್ನುವ ಪದ್ಧತಿ ಇರಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ಅವನ ಪಾಲಿಗೆ ಒಂದು ಅಲ್ಯೂಮಿನಿಯಂ ತಾಟಿತ್ತು. ಉಂಡು, ತಾನೇ ತೊಳೆದು, ಬೋರಲು ಹಾಕಿ ಹೋಗಬೇಕು. ಇವತ್ತು ದುರ್ಗಪ್ಪ ಕಪಾಟಿನ ಕಡೆ ನೋಡಲಿಲ್ಲ. ಪಡಸಾಲೆಯ ನಡುವೆ, ಮೂರು ಹೋಳಿಗೆ ಉಳಿದಿದ್ದ ಉದ್ದ ತಾಟನ್ನು ನೋಡಿ ಹುಬ್ಬು ಏರಿಸಿದ.

ಕಾಶೆವ್ವ ಇಂಥದಕ್ಕೇ ಕಾದಿದ್ದಳು. "ಏ ದುರ್ಗಪ್ಪ, ನೀ ಸಾಯೇಬರ ಮನ್ಯಾಗ ಇದ್ದಾಂವ. ಇಷ್ಟ ಉದ್ದನ ತಾಟಿನಾಗ ಅವರು ಏನ ಬಡಿಸ್ಕೋತಿದ್ರೋ?"

ದುರ್ಗಪ್ಪ ಪರಪ್ಪನನ್ನು ನೋಡಿದ. ಪರಪ್ಪ ತುಪ್ಪದ ಕೈಯನ್ನು ತಾಟಿನ ಮೇಲೆ ಹಾಗೇ ಹಿಡಿದಿದ್ದ. ಅಡುಗೆಮನೆಯ ಬಾಗಿಲಲ್ಲಿ ಬಾಳವ್ವನ ಬಳೆ ಸಪ್ಪಳ ನಿಂತಿತು.

"ಅವರಿಗೆ ಹೋಳಿಗಿ ಎಲ್ಲಿ ಸಿಗಬೇಕ್ರೆವ್ವಾ," ಎಂದ ದುರ್ಗಪ್ಪ. "ಪಾಪ, ಸಿಕ್ಕದ್ದು ಬಡಿಸ್ಕೊಂಡು ತಿಂತಿದ್ರು."

ಕಾಶೆವ್ವ ನಕ್ಕಳು, ಸಾಯೇಬರ ಹಣೆಬರಹಕ್ಕೆ ಚ್ಚ್ ಎಂದಳು. ಬಾಳವ್ವ ನಗೆ ತಡೆಯುತ್ತ ಎರಡು ಹೋಳಿಗೆ ಹಿಡಿದು ಬಂದು ಗೂಡಿಗೆ ಕೈ ಹಾಕಿದಳು. ಪರಪ್ಪನಿಗೆ ಆ ಅಲ್ಯೂಮಿನಿಯಂ ಸಪ್ಪಳ ಹಿಂದೆಂದೂ ಕೇಳಿರದಷ್ಟು ಗಟ್ಟಿಯಾಗಿ ಕೇಳಿತು. ಹಿಂದಿನ ಕುಲ ಕೇಳಂಗಿಲ್ಲ ಎಂಬ ಮಾತು ಇನ್ನೂ ಅಡುಗೆಮನೆಯ ಹೊಗೆಯಲ್ಲೇ ಇತ್ತು, ಒಲೆಯೂ ಆರಿರಲಿಲ್ಲ. ತಾಟಿಗೆ ಮೂರು ಬೆರಳ ವಿಭೂತಿ ಸಾಕಾಯಿತು. ಸುಮ್ಮನಿರು, ಎಂದಿತು ಒಂದು ಮನಸ್ಸು, ಈಗಷ್ಟೆ ನಿನ್ನ ತಾಟು ಒಳಗೆ ಬಂದಿದೆ, ಇನ್ನೊಂದು ಹೆಜ್ಜೆ ಇಟ್ಟರೆ ಎಲ್ಲವೂ ಹೊರಗೆ ಬೀಳುತ್ತವೆ, ಮತ್ತೆ ಹನ್ನೊಂದು ವರ್ಷ. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು, ನಾಚಿಕೆ ಸ್ವಲ್ಪ ಹೆಚ್ಚಾಯಿತು. ಎದ್ದ. ತುಪ್ಪದ ಕೈಯಿಂದಲೇ ಕಪಾಟು ತೆರೆದು ತನ್ನ ತಾಟಿನ ಜೋಡಿಯನ್ನು ತೆಗೆದ. "ಅಯ್ಯ!" ಎಂದಳು ಕಾಶೆವ್ವ. ಅವನು ಬಾಳವ್ವನ ಕೈಯೊಳಗಿನ ಹೋಳಿಗೆ ತೆಗೆದುಕೊಂಡು ಅದರಲ್ಲಿ ಇಟ್ಟು, ಅವಳ ಮುಖ ನೋಡದೆ, ತನ್ನ ತಾಟನ್ನೂ ಎತ್ತಿಕೊಂಡು ಕಟ್ಟೆಗೆ ಬಂದ.

"ಬ್ಯಾಡ್ರಿ ಸಾವಕಾರ್ರ," ಎಂದು ದುರ್ಗಪ್ಪ ಹಿಂದೆ ಸರಿದ. "ನನ್ನ ತಾಟ ಅಲ್ಲೆ ಐತಲ್ರಿ."

"ಹಿಡಿಯೋ ಮಾರಾಯಾ. ಕೈ ತುಪ್ಪಾಗೈತಿ, ಜಾರಾಕತ್ತೈತಿ."

ಜಾರುತ್ತದೆ ಎಂದದ್ದೇ ತಡ, ದುರ್ಗಪ್ಪನ ಎರಡೂ ಕೈ ಮುಂದೆ ಬಂದು ತಾಟನ್ನು ಹಿಡಿದುಬಿಟ್ಟವು. ಅವು ಬಟ್ಲರನ ಕೈ, ಯಜಮಾನನನ್ನು ಕೇಳಿ ಹಿಡಿದವಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತರು. ದುರ್ಗಪ್ಪ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಬರೀ ನೋಡಿದ. "ಬಡಸಾಕಂತ ಹಿಡಿದೇನ್ರಿ, ತೊಳಿಯಾಕಂತ ಹಿಡಿದೇನಿ. ಹಿಂಗ ಉಣ್ಣಾಕಂತ ಹಿಡಿದಿದ್ದಿಲ್ಲ."

"ನಾನೂ ಇವತ್ತ ಚಾಲೂ ಮಾಡೇನಿ," ಎಂದ ಪರಪ್ಪ.

ಇಬ್ಬರೂ ಉಣ್ಣತೊಡಗಿದರು. ಎದುರಿನ ಅಂಗಡಿಯವನು ತಕ್ಕಡಿ ಹಿಡಿದೇ ಇವರನ್ನು ನೋಡುತ್ತ ನಿಂತ. ಹೋಳಿಗೆ ಮುಗಿಯಿತು, ಹೂಗಳೆಲ್ಲ ಹೊರಗೆ ಬಂದವು. ದುರ್ಗಪ್ಪ ರೂಢಿಯಂತೆ ಎದ್ದು, ತೊಳೆಯಲೆಂದು ಕಟ್ಟೆಯ ಮೂಲೆಯ ನೀರಿನ ಕೊಡದ ಕಡೆ ಹೊರಟ. ಪರಪ್ಪನ ಬೆನ್ನ ಹಿಂದೆ ಬಳೆ ಸಪ್ಪಳವಾಯಿತು. ಅವನು ತಿರುಗಲಿಲ್ಲ, ತಿರುಗುವ ಧೈರ್ಯ ಇರಲಿಲ್ಲ.

"ಇರಲಿ ಕಾಕಾ, ಇಲ್ಲೆ ಕೊಡ್ರಿ," ಎಂದಳು ಬಾಳವ್ವ. "ನೀವು ಅಲ್ಲಿ ಕಲ್ಲಿನ ಮ್ಯಾಲ ತೊಳಿಯಾಕ ಹೋಗಿ ಒಡದ್ರಂದ್ರ, ಇವರು ದೀಪಾವಳಿತನಾ ಅಳಕೋತ ಕೂಡತಾರ."

ದುರ್ಗಪ್ಪ ಕೊಡಲಿಲ್ಲ, ಅವಳೇ ಅವನ ಕೈಯಿಂದ ತೆಗೆದುಕೊಂಡಳು. ಆ ತಾಟಿನ ಮೇಲೆ ಗಂಡನ ತಾಟನ್ನು ಇಟ್ಟು, ಎರಡನ್ನೂ ಒಟ್ಟಿಗೆ ಹಿಡಿದು, ಬಾಯಿ ತೆರೆದು ನಿಂತಿದ್ದ ಅಕ್ಕನನ್ನು ದಾಟಿ ಅಡುಗೆಮನೆಯೊಳಗೆ ಹೋದಳು.

ದುರ್ಗಪ್ಪ ಅವಳು ಹೋದ ಕಡೆಯೇ ನೋಡುತ್ತಿದ್ದ. ಆಮೇಲೆ ಪರಪ್ಪನ ಕಿವಿಯ ಹತ್ತಿರ ಬಗ್ಗಿ, ಬಹಳ ಸಂಕಟದಿಂದ ಹೇಳಿದ. "ಅವ್ವಾರಿಗೆ ಹೇಳ್ರಿ ಸಾವಕಾರ್ರ. ಹಂಗ ಒಂದರ ಮ್ಯಾಲೊಂದ ಇಡಬಾರದ್ರಿ. ಬಂಗಾರದ ಅಂಚು ಸವೀತೈತಿ."

ಒಳಗೆ ಒಂದೇ ನೀರಿನಲ್ಲಿ ಎರಡು ತಾಟು ಒಂದಕ್ಕೊಂದು ತಾಗಿದ ಸಪ್ಪಳ ಕೇಳಿತು.

"ಸವೀಲಿ ಬಿಡು," ಎಂದ ಪರಪ್ಪ.